ಕಡ್ಡಿ ಟೀಚರ್

ವೇದಿಕೆಯ ಮೇಲೆ ಟೋಸ್ಟ್ ಹೇಳುತ್ತಿರುವವರು ಮದುಮಗನ ಬಾಲ್ಯ ಮುಗಿಸಿ ಇನ್ನೂ ಹೈಸ್ಕೂಲಿಗೆ ಬಂದಿಲ್ಲ. ಬ್ಯಾಂಡಿನವರು ವಾದ್ಯಗಳನ್ನು ತೊಡೆಯ ಮೇಲಿಟ್ಟುಕೊಂಡು ಆಕಳಿಸುತ್ತಿದ್ದಾರೆ. ಅಷ್ಟರಲ್ಲಿ ಹಾಲ್‌ನ ಹಿಂಬದಿಯಲ್ಲಿ, ಐಸ್‌ಕ್ರೀಮ್ ಕೌಂಟರಿನ ಎಡಕ್ಕೆ, ಕಸದ ಬುಟ್ಟಿಗಿಂತ ಎರಡು ಹೆಜ್ಜೆ ಮುಂದೆ ಒಬ್ಬರು ಕುರ್ಚಿ ಎಳೆದುಕೊಂಡು ಕೂತಾಗಿದೆ. ಮಡಿಲಲ್ಲಿ ಸ್ಟೀಲಿನ ಟಿಫಿನ್ ಡಬ್ಬಿ, ಮುಚ್ಚಳ ತೆಗೆದದ್ದು. ಮಕ್ಕಳು ಸಾಲಾಗಿ ಬರುತ್ತಾರೆ, ಕಡೆಯದಾಗಿ ಒಮ್ಮೆ ನೆಕ್ಕುತ್ತಾರೆ, ಕಡ್ಡಿಯನ್ನು ಡಬ್ಬಿಗೆ ಹಾಕಿ ಹೋಗುತ್ತಾರೆ. ಥೇಟ್ ಪೂಜೆಯ ನಡುವೆ ಕಾಣಿಕೆ ಹಾಕಿದ ಹಾಗೆ.

"ಇದು ಕಚ್ಚಿದ್ದು. ಬೇಡ."

"ಸ್ವಲ್ಪವೇ ಕಚ್ಚಿದ್ದು ಟೀಚರ್."

"ಸ್ವಲ್ಪ ಕಚ್ಚಿದ್ದೂ ಕಚ್ಚಿದ್ದೇ. ಇನ್ನೊಂದು ತಿಂದು ಬಾ. ಹಲ್ಲು ತಾಗಿಸಬೇಡ."

ಹುಡುಗ ಕುಣಿಯುತ್ತಾ ಕೌಂಟರಿಗೆ ಓಡುತ್ತಾನೆ. ಅವನ ತಾಯಿ ದೂರದಿಂದಲೇ ಕಣ್ಣರಳಿಸುತ್ತಾಳೆ. ಅದಕ್ಕಿಂತ ಹೆಚ್ಚಿಗೆ ಏನೂ ಮಾಡುವುದಿಲ್ಲ. ಆಕೆಯೂ ಒಂದು ಕಾಲಕ್ಕೆ ಇದೇ ಟೀಚರಿನ ಮೂರನೇ ಕ್ಲಾಸಿನಲ್ಲಿ ಕೂತವಳು.

ಮಂಗಳೂರಿನಲ್ಲಿ ಬೆಂದೂರು, ಬಿಜೈ, ಕುಲಶೇಖರ, ವೆಲೆನ್ಸಿಯಾ ಎಂದು ಯಾವ ಇಗರ್ಜಿಯ ಎಲ್ಲೆಯೊಳಗೆ ಹೊಕ್ಕರೂ ಇಂಥವರು ಒಬ್ಬರು ಸಿಗುತ್ತಾರೆ. ಹೆಸರು ಬೇರೆ ಬೇರೆ ಇರಬಹುದು, ಊರು ಕರೆಯುವುದು ಕಡ್ಡಿ ಟೀಚರ್ ಎಂದೇ. ಅರವತ್ತು ದಾಟಿದ ವಯಸ್ಸು, ದಾರ ಕಟ್ಟಿದ ಕನ್ನಡಕ. ಪ್ರೈಮರಿ ಶಾಲೆಯಲ್ಲಿ ಮೂವತ್ತು ಚಿಲ್ಲರೆ ವರ್ಷ ಗಣಿತ ಕಲಿಸಿ, ಶುಕ್ರವಾರದ ಕಡೆಯ ಪೀರಿಯಡ್ಡಿಗೆ ಕ್ರಾಫ್ಟು ಕಲಿಸಿ ನಿವೃತ್ತರಾದವರು. ನಿವೃತ್ತಿಯ ದಿನ ಗಣಿತವನ್ನು ಶಾಲೆಯಲ್ಲೇ ಬಿಟ್ಟು ಬಂದರು. ಶುಕ್ರವಾರದ ಆ ಪೀರಿಯಡ್ಡಿನ ಗಂಟೆ ಮಾತ್ರ ಇನ್ನೂ ಹೊಡೆದಿಲ್ಲ.

ಕನ್ನಡದಲ್ಲಿ ಕಡ್ಡಿಗೆ ಅಂಥಾ ಮರ್ಯಾದೆಯೇನೂ ಇಲ್ಲ. ಸಣಕಲನಾದರೆ ಕಡ್ಡಿ ಪೈಲ್ವಾನ್. ಸಣ್ಣದನ್ನು ದೊಡ್ಡದು ಮಾಡಿದರೆ ಕಡ್ಡಿಯನ್ನು ಗುಡ್ಡ ಮಾಡಿದ. ಮುಲಾಜಿಲ್ಲದೆ ಹೇಳಿದರೆ ಕಡ್ಡಿ ಮುರಿದ ಹಾಗೆ ಹೇಳಿದ. ಇಬ್ಬರ ಮಧ್ಯೆ ತಂದಿಟ್ಟರೆ ಕಡ್ಡಿ ಆಡಿಸಿದ. ಟೀಚರ್ ಇವಿಷ್ಟನ್ನೂ ಅಕ್ಷರಶಃ ಮಾಡುತ್ತಾರೆ. ಅವರ ಕ್ರಿಸ್ಮಸ್ ಗೋದಲಿಯಲ್ಲಿ ಬೆತ್ಲೆಹೇಮಿನ ಗುಡ್ಡ ಎದ್ದಿರುವುದೇ ಕಡ್ಡಿಯಿಂದ.

ಈ ಹುಚ್ಚು ಹತ್ತಿದ ಬಗೆ ಅವರ ಹಳೇ ವಿದ್ಯಾರ್ಥಿಗಳಿಗೆಲ್ಲ ಗೊತ್ತು. ಒಂದು ಮಧ್ಯಾಹ್ನ ಮಗ್ಗಿ ಹೇಳಿಸುತ್ತಿದ್ದಾಗ ಹಿಂದಿನ ಬೆಂಚಿನಿಂದ ಏನೋ ಹಾರಿ ಬಂದು ಕರಿಹಲಗೆಗೆ ಬಡಿದು ಟಪ್ಪೆಂದು ಸಿಡಿದು ಚೆಲ್ಲಾಪಿಲ್ಲಿಯಾಯಿತು. ಐದು ಐಸ್‌ಕ್ಯಾಂಡಿ ಕಡ್ಡಿ. ಒಂದರ ಮೇಲೆ ಒಂದರ ಕೆಳಗೆ ಎಂದು ಹೆಣೆದು ಬಿಗಿದರೆ ಕಡ್ಡಿಗಳು ತಮ್ಮ ಬಾಗುವಿಕೆಯ ಬಲದಿಂದಲೇ ಪರಸ್ಪರ ಹಿಡಿದು ನಿಲ್ಲುತ್ತವೆ. ಎಲ್ಲಿಗಾದರೂ ಬಡಿದು ಒಂದು ಜಾರಿತೋ, ಉಳಿದ ನಾಲ್ಕೂ ಸಿಡಿಯುತ್ತವೆ. ಹುಡುಗರು ಅದಕ್ಕೆ ಬಾಂಬ್ ಅನ್ನುತ್ತಾರೆ. ಟೀಚರ್ ಬಾಂಬು ಹಾಕಿದವನನ್ನು ಬೆಂಚಿನ ಮೇಲೆ ನಿಲ್ಲಿಸಿದರು, ಕಡ್ಡಿಗಳನ್ನು ಜಪ್ತಿ ಮಾಡಿದರು. ರಾತ್ರಿ ಊಟವಾದ ಮೇಲೆ ಸಾಕ್ಷ್ಯವನ್ನು ಮೇಜಿನ ಮೇಲೆ ಹರಡಿಕೊಂಡು ತಾವೂ ಹೆಣೆದು ನೋಡಿದರು. ಅಂಟಿಲ್ಲ, ಮೊಳೆಯಿಲ್ಲ, ಐದು ಮೂಲೆಯ ಅಚ್ಚುಕಟ್ಟಾದ ನಕ್ಷತ್ರ! ಕೋನಮಾಪಕ ಇಟ್ಟು ಅಳೆದರು. ಒಂದೊಂದು ತುದಿಗೂ 36 ಡಿಗ್ರಿ ಬರಬೇಕು, ಹೆಚ್ಚುಕಡಿಮೆ ಬಂದಿತ್ತು. ಆ ವರ್ಷದ ಡಿಸೆಂಬರಿನಲ್ಲಿ ಅದು ಮನೆಯ ಗಾಳಿಮರದ ಕೊಂಬೆಯ ತುದಿಗೇರಿತು. ಬೆಂಚಿನ ಮೇಲೆ ನಿಂತ ಹುಡುಗ ಈಗ ಕುವೈತಿನಲ್ಲಿ ಎಂಜಿನಿಯರ್. ಊರಿಗೆ ಬಂದಾಗಲೆಲ್ಲ ಆ ನಕ್ಷತ್ರ ತನ್ನದು ಎಂದು ವಾದಿಸುತ್ತಾನೆ.

ಕಡ್ಡಿಯ ಪುರಾಣವೂ ಒಬ್ಬ ಹುಡುಗನಿಂದಲೇ ಶುರುವಾಗುತ್ತದೆ. 1905ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಫ್ರಾಂಕ್ ಎಪ್ಪರ್ಸನ್ ಎಂಬ ಹನ್ನೊಂದರ ಪೋರ ಸೋಡಾ ಪುಡಿಯನ್ನು ನೀರಿಗೆ ಹಾಕಿ ಕಲಕಿ, ಕಲಕಿದ ಕೋಲನ್ನು ಅದರಲ್ಲೇ ಬಿಟ್ಟು, ಲೋಟವನ್ನು ಜಗಲಿಯಲ್ಲಿ ಮರೆತು ಮಲಗಿದ. ರಾತ್ರಿ ಚಳಿ ಬಿತ್ತು. ಬೆಳಗಾಗುವಾಗ ಪಾನಕ ಗಟ್ಟಿಯಾಗಿತ್ತು, ಕೋಲು ಹಿಡಿಕೆಯಾಗಿತ್ತು. ಪೇಟೆಂಟ್ ಸಿಕ್ಕಿದ್ದು 1924ರಲ್ಲಿ, ಆ ಹೊತ್ತಿಗೆ ಅವನಿಗೇ ಮಕ್ಕಳಾಗಿದ್ದವು. ಲೋಟ ತೊಳೆದಿಡದೆ ಮಲಗುವ ಮಕ್ಕಳನ್ನು ಬೈಯುವಾಗ ಮಾತ್ರ ಟೀಚರ್ ಈ ಕತೆ ಹೇಳುವುದಿಲ್ಲ.

ಅಮೆರಿಕದ ಕಡ್ಡಿಗಳು ಹೆಚ್ಚಾಗಿ ಬರ್ಚ್ ಮರದವು. ಆ ಮರಕ್ಕೆ ರುಚಿಯಿಲ್ಲ, ವಾಸನೆಯಿಲ್ಲ, ನಾಲಿಗೆಗೆ ಸಿಬಿರು ಚುಚ್ಚುವುದಿಲ್ಲ. ಬರ್ಚ್ ಎಂದರೆ ಬೇರೇನೂ ಅಲ್ಲ, ಹಿಮಾಲಯದಲ್ಲಿ ಯಾವುದರ ತೊಗಟೆಯ ಮೇಲೆ ಹಿಂದಿನವರು ಗ್ರಂಥ ಬರೆದರೋ ಆ ಭೂರ್ಜದ ಬಳಗ. ಇದನ್ನು ಟೀಚರ್ ಎದುರುಮನೆಯ ಭಟ್ಟರಿಗೆ ಒಮ್ಮೆ ಹೇಳಿಬಿಟ್ಟರು. ಅಂದಿನಿಂದ ಭಟ್ಟರು ಮೊಮ್ಮಗಳು ತಿಂದ ಕಡ್ಡಿಯನ್ನು ತೊಳೆದು, ಒರೆಸಿ, ಎರಡೂ ಕೈಯಲ್ಲಿ ಹಿಡಿದು ತಂದುಕೊಡುತ್ತಾರೆ.

ಸಾಮಾನ್ಯ ಕಡ್ಡಿ ನಾಲ್ಕೂವರೆ ಇಂಚು ಉದ್ದ, ಒಂದು ಸೆಂಟಿಮೀಟರ್ ಅಗಲ, ಎರಡು ಮಿಲಿಮೀಟರ್ ದಪ್ಪ. ಟೀಚರಿನ ಜಗತ್ತಿನಲ್ಲಿ ಉದ್ದಳತೆಯ ಮಾನ ಇದೇ. ಹೊಸ ಸೋಫಾ ತಂದಾಗ ಬಾಗಿಲಲ್ಲಿ ಹಿಡಿಸುತ್ತದಾ ಎಂದು ಕೇಳಿದರೆ, "ಹದಿನೆಂಟು ಕಡ್ಡಿ ಉಂಟು, ಹಿಡಿಸ್ತದೆ" ಎಂದಿದ್ದರು. ಹಿಡಿಸಿತು.

ಇಷ್ಟೆಲ್ಲ ಇದ್ದೂ ಒಂದು ವಿಷಯಕ್ಕೆ ಅವರಿಗೆ ತಮ್ಮ ಊರಿನ ಮೇಲೆ ಮುನಿಸು. ಮಂಗಳೂರು, ಉಡುಪಿಯವರು ಎದೆತಟ್ಟಿ ಹೇಳಿಕೊಳ್ಳುವ ಐಸ್‌ಕ್ರೀಮು ಯಾವುದು? ಗಡ್‌ಬಡ್. ಎತ್ತರದ ಗ್ಲಾಸು, ಮೂರು ಬಗೆಯ ಐಸ್‌ಕ್ರೀಮು, ಜೆಲ್ಲಿ, ಹಣ್ಣು, ಗೋಡಂಬಿ, ಉದ್ದ ಚಮಚ. ಕಡ್ಡಿ ಎಲ್ಲಿ? ದೂರದೂರಿನ ನೆಂಟರು ಬಂದು ಗಡ್‌ಬಡ್ ತಿನ್ನಬೇಕು ಎಂದಾಗ ಟೀಚರ್ ಮುಖ ಸಪ್ಪೆ ಮಾಡಿ, "ತಿನ್ನಿ ತಿನ್ನಿ, ಅದರಲ್ಲಿ ಎಂತ ಉಂಟು?" ಅನ್ನುತ್ತಾರೆ. ಅವರ ಮಟ್ಟಿಗೆ ಅದು ಪೂರಾ ಖಾಲಿ ಗ್ಲಾಸು.

ಮನೆಯಲ್ಲಿ ಕಡ್ಡಿ ಪೂರೈಸಲು ಯಜಮಾನರಿಂದ ಆಗುವುದಿಲ್ಲ. ಅವರಿಗೆ ಶುಗರ್. ಆಚೆಮನೆ ಈಚೆಮನೆಯವರು 'ಪೊರ್ಬುಗಳು' ಎಂದು ಕರೆಯುವ ಈ ಮೆತ್ತನೆಯ ಮನುಷ್ಯ ಹಂಚಿನ ಕಾರ್ಖಾನೆಯೊಂದರಲ್ಲಿ ಗುಮಾಸ್ತರಾಗಿದ್ದವರು. ಈಗ ಅವರ ಕೆಲಸ, ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲ ಹತ್ತಿರವಾಗುತ್ತಿದ್ದಂತೆ ಬೀದಿಯ ಮಕ್ಕಳಿಗೆ ಐಸ್‌ಕ್ಯಾಂಡಿ ಕೊಡಿಸುವುದು, ತಾವು ಪಕ್ಕದಲ್ಲಿ ಕೂತು ಕಾಯುವುದು. ಹೋದ ವರ್ಷ ಸೊಸೆ ಆನ್‌ಲೈನ್‌ನಲ್ಲಿ ಹೊಸ ಕಡ್ಡಿಯ ಕಟ್ಟೊಂದನ್ನು ತರಿಸಿಕೊಟ್ಟಳು. ಬಾಯಿಗೆ ಹೋಗದ, ನಾಲಿಗೆ ಕಾಣದ, ಕೋರಾ ಕಡ್ಡಿಗಳು. ಟೀಚರ್ ಒಂದನ್ನು ಎತ್ತಿ ಮೂಸಿ, "ಇದಕ್ಕೆ ಅನುಭವ ಇಲ್ಲ" ಎಂದು ಕಪಾಟಿನಲ್ಲಿಟ್ಟರು.

ಅನುಭವಸ್ಥ ಕಡ್ಡಿಗೆ ಸ್ನಾನ ಮಾಡಿಸದೆ ಉಪಾಯವಿಲ್ಲ. ಸಕ್ಕರೆಯ ಅಂಶ ಉಳಿದರೆ ಫೆವಿಕಾಲ್ ಸರಿಯಾಗಿ ಕಚ್ಚುವುದಿಲ್ಲ, ಇರುವೆ ಮಾತ್ರ ಸರಿಯಾಗಿ ಕಚ್ಚುತ್ತದೆ. ಮೊದಲ ವರ್ಷ ಇದು ಗೊತ್ತಿಲ್ಲದೆ ಮಾಡಿದ ಗೋದಲಿಯಲ್ಲಿ ಮೂವರು ರಾಯರು ತಲುಪುವ ಮುಂಚೆಯೇ ಕಟ್ಟಿರುವೆಯ ಸಾಲು ಶಿಶುದರ್ಶನ ಮುಗಿಸಿ ಹೊರಟಿತ್ತು. ಅಂದಿನಿಂದ ವಾಷಿಂಗ್ ಸೋಡಾ ಹಾಕಿ ಕುದಿಸಿ, ಮೂರು ನೀರಿನಲ್ಲಿ ತೊಳೆದು, ಹಪ್ಪಳ ಒಣಗಿಸುವ ಚಾಪೆಯ ಮೇಲೆ ಹರಡುತ್ತಾರೆ. ಕಾಗೆಯನ್ನು ಹೆದರಿಸಲು ಪೊರ್ಬುಗಳು.

ಬಾಗಿದ ಕಡ್ಡಿ ಬೇಕಾದಾಗ ಕುಕ್ಕರೇ ಆಗಬೇಕು. ಮರ ಹಬೆಯಲ್ಲಿ ಬೆಂದರೆ ನಾರು ಸಡಿಲುತ್ತದೆ. ಬಿಸಿ ಇರುವಾಗಲೇ ಮೆಲ್ಲ ಬಾಗಿಸಿ ಗಾಜಿನ ಲೋಟದೊಳಗೆ ಗೋಡೆಗೆ ಒತ್ತಿಟ್ಟು ಒಂದು ದಿನ ಬಿಟ್ಟರೆ ಆ ಬಾಗು ಹಾಗೇ ನಿಲ್ಲುತ್ತದೆ. ಈ ಕಾರಣಕ್ಕೆ ಡಿಸೆಂಬರಿನಲ್ಲಿ ಆ ಮನೆಯಲ್ಲಿ ಚಾ ಕುಡಿಯಲು ಲೋಟ ಸಿಗುವುದಿಲ್ಲ. ವಾರ್ಡಿನ ಗುರಿಕಾರರು ವಂತಿಗೆಗೆ ಬಂದವರು ಒಳಗಿನಿಂದ ಒಂದು ಸೀಟಿ, ಎರಡು ಸೀಟಿ ಕೇಳಿ ಹೊರಡುವ ಮನಸ್ಸು ಬದಲಾಯಿಸಿದರು. ಮೂರನೇ ಸೀಟಿಗೆ ಕುರ್ಚಿಯಲ್ಲಿ ಸರಿಯಾಗಿ ಒರಗಿದರು. ಹಬ್ಬದ ಮುಂಚಿನ ಭಾನುವಾರ, ಹಂದಿಯ ದುಕ್ರಾಮಾಸ್ ಅಲ್ಲದೆ ಇನ್ನೇನು?

"ಕುಕ್ಕರಿನಲ್ಲಿ ಎಂತ ಟೀಚರ್, ಪರಿಮಳವೇ ಬರ್ತಾ ಇಲ್ಲ?"

"ಕಡ್ಡಿ."

"ಕಡ್ಡಿಯಾ?"

"ಇನ್ನು ಎರಡು ಸೀಟಿ ಬೇಕು. ಕೂತ್ಕೊಳ್ಳಿ, ಬೆಂದದ್ದು ತೋರಿಸ್ತೇನೆ."

ಗುರಿಕಾರರು ರಶೀದಿ ಹರಿದುಕೊಟ್ಟು ಎದ್ದರು.

ಕತ್ತರಿಸುವ ವಿದ್ಯೆಯನ್ನು ಟೀಚರ್ ಬಹಳ ಕಷ್ಟಪಟ್ಟು ಸಾಧಿಸಿದ್ದು. ಕತ್ತರಿ ಹಾಕಿದರೆ ಕಡ್ಡಿ ಉದ್ದಕ್ಕೆ ಸೀಳುತ್ತದೆ. ಚಾಕುವಿನಿಂದ ಎರಡೂ ಕಡೆ ಗೀರಿ ಮುರಿದರೆ ತುದಿ ಜುಂಗುಜುಂಗಾಗುತ್ತದೆ. ಉಗುರು ಕತ್ತರಿಸುವ ಕಟರ್ ಅಡ್ಡಿಯಿಲ್ಲ, ಆದರೆ ಒಂದು ಕಡ್ಡಿಗೆ ಮೂರು ಸಲ ಕಚ್ಚಬೇಕು. ಕಡೆಗೆ ಅತ್ತೆಯ ಕಾಲದ ಹಿತ್ತಾಳೆ ಹಿಡಿಯ ಅಡಕತ್ತರಿ ಕೈಗೆ ಬಂತು. ಕಡ್ಡಿಯನ್ನು ಅಡ್ಡ ಇಟ್ಟು, ಅಡಿಕೆ ಹೋಳು ಮಾಡುವ ಹದದಲ್ಲಿ ಒಮ್ಮೆ ಒತ್ತಿದರೆ ಕಟಕ್ ಎಂದು ನೇರ ತುಂಡು. ಅತ್ತೆ ಬದುಕಿರುವಷ್ಟು ದಿನ ಸೊಸೆಯ ಕೈಗೆ ಕೊಡದೆ ಸೊಂಟದಲ್ಲಿಟ್ಟುಕೊಂಡಿದ್ದ ಅಡಕತ್ತರಿ ಅದು. ಅದರ ಸಪ್ಪಳ ಕೇಳಿದಾಗ ಪೊರ್ಬುಗಳು ಈಗಲೂ ಒಮ್ಮೆ ಬಾಗಿಲಿನತ್ತ ನೋಡುತ್ತಾರೆ.

ಟೀಚರಿನ ನಿಜವಾದ ಜಗಳ ಇರುವುದು ಮಿಂಚಿನ ಪುಡಿಯೊಂದಿಗೆ.

ದುಬೈಯಲ್ಲಿರುವ ಮಗ ಸೊಸೆ ಪ್ರತಿ ವರ್ಷ ಹಬ್ಬಕ್ಕೆ ಬರುವಾಗ ಒಂದು ಪೆಟ್ಟಿಗೆ ಅಲಂಕಾರ ತರುತ್ತಾರೆ. ಕೆಂಪು ಗುಂಡು, ಬಂಗಾರದ ಗುಂಡು, ಉರಿದು ಆರಿ ಹಾಡುವ ಸಾಂತಾಕ್ಲಾಸ್. ಜಗತ್ತಿನ ಕ್ರಿಸ್ಮಸ್ ಸಾಮಾನಿನ ದೊಡ್ಡ ಪಾಲು ಚೀನಾದ ಯಿವು ಎಂಬ ಒಂದೇ ಪಟ್ಟಣದಿಂದ ಹೊರಡುತ್ತದೆ. ಅಲ್ಲಿಂದ ದುಬೈಗೆ, ದುಬೈಯಿಂದ ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿದು, ಟೀಚರಿನ ಜಗಲಿಯಲ್ಲಿ ಅದು ತಡೆಯಲ್ಪಡುತ್ತದೆ. ಕಸ್ಟಮ್ಸ್‌ನವರು ಬಿಟ್ಟದ್ದನ್ನೂ ಟೀಚರ್ ಬಿಡುವುದಿಲ್ಲ. ಸೊಸೆ ಕೆಟ್ಟವಳಲ್ಲ. ಅತ್ತೆ ಮಾಡಿದ ಕಡ್ಡಿಯ ನಕ್ಷತ್ರಕ್ಕೆ ಪ್ರೀತಿಯಿಂದಲೇ ಬಂಗಾರದ ಮಿಂಚಿನ ಪುಡಿ ಉದುರಿಸಲು ಹೋದಳು. ಆ ಪುಡಿ ಈಗಲೂ ಸಿಗುತ್ತಿದೆ. ಸೋಫಾದ ಸಂದಿಯಲ್ಲಿ, ನಾಯಿಯ ಮೂಗಿನ ಮೇಲೆ, ಈಸ್ಟರಿನ ಹೊತ್ತಿಗೆ ಪೊರ್ಬುಗಳ ಬೋಳುತಲೆಯ ಮೇಲೆ.

"ಅಂದ ಅಂದ್ರೆ ಎಂತ ಗೊತ್ತುಂಟಾ ಮಾರಾಯ್ತಿ? ಹಾಕಬಹುದಿತ್ತು, ಹಾಕ್ಲಿಲ್ಲ. ಅಷ್ಟೇ."

ಈ ಒಂದು ವಿಷಯದಲ್ಲಿ ಟೀಚರಿನ ಪಕ್ಷ ವಹಿಸದೆ ಗತಿಯಿಲ್ಲ. ಅವರ ಕೈಯ ಕೆಲಸ ನೋಡಿದವರಿಗೆ ಅದು ತಿಳಿಯುತ್ತದೆ. ಕಡ್ಡಿಯ ದುಂಡು ತುದಿಗಳನ್ನು ನಯವಾದ ಉಪ್ಪುಕಾಗದದಲ್ಲಿ ತಿಕ್ಕಿ ಅಂಚು ಮುರಿಯುತ್ತಾರೆ. ಬಣ್ಣ ಮೂರೇ: ಮರದ ಸ್ವಂತ ಬಣ್ಣ, ಸುಣ್ಣದ ಬಿಳಿ, ಇನ್ನೊಂದು ಕಂದು. ಕಂದು ಅಂಗಡಿಯದಲ್ಲ, ದಪ್ಪ ಕಾಫಿ ಡಿಕಾಕ್ಷನ್‌ನಲ್ಲಿ ರಾತ್ರಿಯಿಡೀ ನೆನೆಹಾಕಿದ್ದು. ನೂರು ವರ್ಷ ಹಳೆಯ ಹಟ್ಟಿಯ ಬೂದು ಬಣ್ಣ ಬೇಕಾದರೆ ಪಾತ್ರೆ ಉಜ್ಜುವ ಕಬ್ಬಿಣದ ನಾರನ್ನು ವಿನೆಗರಿನಲ್ಲಿ ಎರಡು ದಿನ ಬಿಟ್ಟು, ಮೊದಲು ಚಾ ಕಷಾಯ ಸವರಿದ ಕಡ್ಡಿಗೆ ಆ ನೀರು ಬಳಿಯುತ್ತಾರೆ. ಚಾದ ಒಗರಿಗೂ ಕಬ್ಬಿಣಕ್ಕೂ ಕೂಡಿ ಬಂದು, ನೋಡುನೋಡುತ್ತಿದ್ದಂತೆ ಕಡ್ಡಿ ಮುದಿಯಾಗುತ್ತದೆ. ಹಬ್ಬದ ಹಂದಿಮಾಂಸಕ್ಕೆಂದು ತಂದಿಟ್ಟ ವಿನೆಗರು ಅರ್ಧ ಬಾಟಲಿಗೆ ಇಳಿದಿರುವುದು ಇದರಿಂದಲೇ. ನೇತುಹಾಕಲು ಸೆಣಬಿನ ದಾರ. ಲೈಟು ಹಾಕಿದರೆ ಒಂದೇ ಬಣ್ಣ, ಹಳದಿ, ಮಿಣುಕಬಾರದು.

ಹಿಮದ ಹಳುಕನ್ನೂ ಮಾಡುತ್ತಾರೆ. ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಬಿಟ್ಟರೆ ಹಿಮ ಕಾಣದ ಊರಿನಲ್ಲಿ ಇದೇಕೆ ಎಂದು ಭಟ್ಟರು ಕೇಳಿದ್ದುಂಟು. ಟೀಚರಿಗೆ ಹಿಮ ಮುಖ್ಯವಲ್ಲ, ಆರು ಮುಖ್ಯ. ಗ್ರಹಗಳ ದಾರಿ ಲೆಕ್ಕ ಹಾಕಿದ ಯೋಹಾನ್ಸ್ ಕೆಪ್ಲರ್ ಪ್ರಾಗ್ ನಗರದ ಸೇತುವೆ ದಾಟುವಾಗ ಕೋಟಿನ ಮೇಲೆ ಬಿದ್ದ ಹಿಮದ ಹಳುಕುಗಳನ್ನು ನೋಡಿ, ಎಲ್ಲದಕ್ಕೂ ಆರೇ ಮೂಲೆ ಏಕೆ ಎಂದು ತಲೆ ಕೆಡಿಸಿಕೊಂಡು, 1611ರಲ್ಲಿ ಅದರ ಮೇಲೇ ಒಂದು ಪುಟ್ಟ ಪುಸ್ತಕ ಬರೆದು ತನ್ನ ಆಶ್ರಯದಾತನಿಗೆ ಹೊಸ ವರ್ಷದ ಉಡುಗೊರೆ ಕೊಟ್ಟ. ಬಡ ಗಣಿತಜ್ಞನ ಉಡುಗೊರೆ ಹಾಗೇ ಇರುವುದು ಅನ್ನುತ್ತಾರೆ ಟೀಚರ್, ಬಡ ಗಣಿತ ಟೀಚರಿನ ಅಭಿಮಾನದಿಂದ. ಮೂರು ಕಡ್ಡಿಯನ್ನು ನಡುವಿನಲ್ಲಿ 60 ಡಿಗ್ರಿಗೆ ಅಡ್ಡ ಹಾಕಿದರೆ ಆರು ಕೈ. ಒಂದೊಂದು ಕೈಗೂ ಅಡಕತ್ತರಿಯ ಎರಡೆರಡು ಚೂರು ಕವಲು. ಫೋನಿನ ವಿಡಿಯೋದಲ್ಲಿ ಉಗುರಿಗೆ ಬಣ್ಣ ಹಚ್ಚಿದ ಎರಡು ಕೈಗಳು ನಲವತ್ತು ಸೆಕೆಂಡಿನಲ್ಲಿ ಇದನ್ನು ಮುಗಿಸುತ್ತವೆ. ಟೀಚರಿಗೆ ಎರಡು ಸಂಜೆ ಬೇಕು. ವಿಡಿಯೋದವರು ಬಿಸಿ ಅಂಟಿನ ಗನ್ ಹಿಡಿಯುತ್ತಾರೆ, ಅದರಿಂದ ಜೇಡರ ಬಲೆಯಂಥ ಎಳೆ ಬರುತ್ತದೆ. ಟೀಚರಿಗೆ ಫೆವಿಕಾಲೇ ಆಗಬೇಕು. ಅದು ನೀರಿನ ಅಂಟು, ನೀರು ಆರಿದ ಮೇಲೇ ಹಿಡಿತ. ಕಡಲಗಾಳಿಯ ಊರಿನಲ್ಲಿ ನೀರು ಆರಲು ಅದರದ್ದೇ ಸಮಯ ತೆಗೆದುಕೊಳ್ಳುತ್ತದೆ.

ಆರುವ ತನಕ ಕಚ್ಚಿ ಹಿಡಿಯಲು ಬಟ್ಟೆಯ ಕ್ಲಿಪ್ಪು. ತಮ್ಮ ಮನೆಯದ್ದೆಲ್ಲ ಮುಗಿದ ಮೇಲೆ ಟೀಚರ್ ಪಕ್ಕದ ಶೆಟ್ಟರ ಹಗ್ಗದಿಂದಲೂ ಹತ್ತಿಪ್ಪತ್ತು ಕಡ ತಂದರು. ಹೇಳಿ ತರಬೇಕೆಂದಿದ್ದರು, ಮರೆತರು. ಸಂಜೆ ಗಾಳಿ ಎದ್ದಾಗ ಶೆಟ್ಟರ ಬಿಳಿ ಪಂಚೆ ಗೋಡೆ ದಾಟಿ, ರಸ್ತೆ ದಾಟಿ, ಆಗಷ್ಟೇ ಪೂಜೆ ಬಿಟ್ಟು ಬರುತ್ತಿದ್ದವರ ಮೇಲೆ ಪವಿತ್ರಾತ್ಮದಂತೆ ಇಳಿಯಿತು.

ಶೆಟ್ಟರು ಕೂಗಾಡಲಿಲ್ಲ. ಅವರೂ ಇದೇ ಜಾತಿಯವರು. ದೀಪಾವಳಿಗೆ ಊರೂರಲ್ಲಿ ಗೂಡುದೀಪದ ಸ್ಪರ್ಧೆ ನಡೆಯುವ ಜಿಲ್ಲೆ ಇದು. ಒಬ್ಬರು ಭತ್ತದ ತೆನೆಯಲ್ಲಿ, ಒಬ್ಬರು ಅಡಿಕೆ ಹಾಳೆಯಲ್ಲಿ, ಒಬ್ಬರು ಬೇಳೆಕಾಳಿನಲ್ಲಿ ಗೂಡು ಕಟ್ಟಿ ತರುತ್ತಾರೆ. ಶೆಟ್ಟರದ್ದು ಹಳೇ ಕ್ರಮ: ಬಿದಿರಿನ ಸಲಾಕೆ, ಗಾಳಿಪಟದ ಕಾಗದ, ಮೈದಾ ಅಂಟು. ಟೀಚರಿನ ತಂದೆ ಹಬ್ಬಕ್ಕೆ ಕಟ್ಟುತ್ತಿದ್ದ ನಕ್ಷತ್ರವೂ ಅದೇ ಬಿದಿರು, ಅದೇ ಕಾಗದ, ಅದೇ ಮೈದಾ. ಒಳಗೆ ಇಡುವ ದೀಪವೂ ಒಂದೇ ಬಗೆಯದು. ಎರಡು ಹಬ್ಬದ ನಡುವೆ ಹೆಚ್ಚುಕಡಿಮೆ ಎರಡು ತಿಂಗಳು. ಹಾಗಾಗಿ ಶೆಟ್ಟರ ಗೂಡುದೀಪದಿಂದ ಮಿಕ್ಕ ಸಲಾಕೆ ಗೋಡೆಯ ಮೇಲಿಂದ ಇತ್ತ ಬರುತ್ತದೆ, ಇತ್ತಲಿಂದ ಹಬ್ಬದ ತಿಂಡಿ ಕುಸ್ವಾರಿನ ತಟ್ಟೆ ಅತ್ತ ಹೋಗುತ್ತದೆ. ತಟ್ಟೆಯಲ್ಲಿ ನೆವ್ರಿ, ಕಿಡಿಯೊ, ಗುಳಿಯೊ ಜೊತೆಗೆ ಆ ಸಲ ಹನ್ನೆರಡು ಕ್ಲಿಪ್ಪುಗಳೂ ಇದ್ದವು. ಎಂಟು ಇನ್ನೂ ಬಾಕಿ.

ನವೆಂಬರ್ ಮುಗಿಯುವ ಹೊತ್ತಿಗೆ ಆಗಮನ ಕಾಲದ ಮಾಲೆ ಸಿದ್ಧವಾಗಬೇಕು. ಲೋಟದಲ್ಲಿ ಬಾಗಿಸಿದ ಕಡ್ಡಿಗಳನ್ನು ಒಂದರ ಬೆನ್ನಿಗೆ ಒಂದು ಜೋಡಿಸಿದ ಬಳೆ, ಅದರ ಮೇಲೆ ನಾಲ್ಕು ಮೇಣದ ಬತ್ತಿ, ಮೂರು ನೇರಳೆ, ಒಂದು ಗುಲಾಬಿ. ಇದನ್ನು ಮೊದಲು ಮಾಡಿದ್ದೂ ಕಾಟ ತಡೆಯಲಾರದ ಒಬ್ಬ ಮೇಷ್ಟ್ರು. 1839ರಲ್ಲಿ ಹ್ಯಾಂಬರ್ಗಿನಲ್ಲಿ ಬಡ ಮಕ್ಕಳ ಆಶ್ರಮ ನಡೆಸುತ್ತಿದ್ದ ಯೋಹಾನ್ ಹಿನ್ರಿಖ್ ವಿಖರ್ನ್ ಎಂಬ ಪಾದ್ರಿ, ಹಬ್ಬಕ್ಕೆ ಇನ್ನೆಷ್ಟು ದಿನ, ಇನ್ನೆಷ್ಟು ದಿನ ಎಂದು ಮಕ್ಕಳು ಜೀವ ತಿನ್ನುವುದನ್ನು ತಾಳಲಾರದೆ, ಗಾಡಿಯ ಹಳೇ ಚಕ್ರಕ್ಕೆ ದಿನಕ್ಕೊಂದು ಸಣ್ಣ ಕೆಂಪು ಬತ್ತಿ, ಭಾನುವಾರಕ್ಕೊಂದು ದೊಡ್ಡ ಬಿಳಿ ಬತ್ತಿ ಸಿಕ್ಕಿಸಿ, ದಿನಕ್ಕೊಂದು ಹಚ್ಚಿ ಲೆಕ್ಕ ಇಟ್ಟುಕೊಳ್ಳಿ ಎಂದ. ಅವನದು ಗಟ್ಟಿ ಚಕ್ರ. ಟೀಚರಿನದು ಒಣಗಿದ ಕಡ್ಡಿ. ಒಂದು ವರ್ಷ ಮೂರನೇ ಭಾನುವಾರ ಗುಲಾಬಿ ಬತ್ತಿ ಓಲಿ, ಮಾಲೆ ಹೊತ್ತಿ, ಪೊರ್ಬುಗಳು ಕೈಯಲ್ಲಿದ್ದ ಸಕ್ಕರೆಯಿಲ್ಲದ ಚಾ ಸುರಿದು ಆರಿಸಿದರು. ಈಗ ನಾಲ್ಕೂ ಬ್ಯಾಟರಿ ಬತ್ತಿಗಳು. ದುಬೈಯ ಪೆಟ್ಟಿಗೆಯಿಂದ ಒಳಗೆ ಬಿಟ್ಟುಕೊಂಡ ಏಕೈಕ ಸಾಮಾನು.

ಇವೆಲ್ಲ ಬಿಡಿ ಕೆಲಸ. ದೊಡ್ಡ ಕೆಲಸ ಗೋದಲಿ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಹುಲ್ಲು ಹಾಸಿ, ಜೀವಂತ ಎತ್ತು ಕತ್ತೆಗಳನ್ನೇ ತಂದು ನಿಲ್ಲಿಸಿ ಇದಕ್ಕೆ ನಾಂದಿ ಹಾಡಿದರು. ಮಂಗಳೂರಿನ ಜಗಲಿಗಳಲ್ಲಿ ಅದು ಕೆಂಪುಕಲ್ಲಿನ ಗೋಡೆಯಿಂದ ಕಿತ್ತ ಪಾಚಿ, ತಟ್ಟೆಯಲ್ಲಿ ಬಿತ್ತಿ ಬೆಳೆಸಿದ ರಾಗಿಪೈರು, ಕನ್ನಡಿ ಚೂರಿನ ಕೆರೆ ಎಂದು ಊರಿನ ಮಣ್ಣು ನೀರು ಕುಡಿದು ಬೆಳೆದಿದೆ. ಟೀಚರಿನ ಗೋದಲಿಯ ಹಟ್ಟಿಗೆ ಹೋದ ವರ್ಷ ಹಿಡಿದದ್ದು 640 ಕಡ್ಡಿ. ಅವರೇ ಬರೆದಿಟ್ಟ ಲೆಕ್ಕ.

ಅಲ್ಲಿಯ ತನಕ ಬಾಯಿ ಬಿಡದ ಪೊರ್ಬುಗಳು ಮಾಡಿನ ವಿಷಯ ಬಂದಾಗ ಬಿಡುತ್ತಾರೆ. ಬಾಸೆಲ್ ಮಿಷನ್‌ನವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ದಿನದಿಂದ ಈ ಊರಿನ ಹಂಚು ಊರೂರಿನ ಮಾಡು ಹತ್ತಿದೆ, ಕಡಲು ದಾಟಿಯೂ ಹೋಗಿದೆ. ಆಮೇಲೆ ಒಂದೊಂದೇ ಕಾರ್ಖಾನೆಯ ಚಿಮಣಿ ಆರಿತು. ಪೊರ್ಬುಗಳು ಕೂತ ಕುರ್ಚಿಯೂ ಹೋಯಿತು, ಹಂಚಿನ ಮೇಲಿನ ಅಭಿಪ್ರಾಯ ಮಾತ್ರ ಉಳಿಯಿತು. ಟೀಚರಿಗೆ ಚಿತ್ರದಲ್ಲಿ ಕಂಡಂತೆ ಚಪ್ಪಟೆ ಮಾಡು ಬೇಕು.

"ಇಳಿಜಾರು ಇಲ್ಲದ ಮಾಡು ಮಾಡಾ?" ಎಂದರು ಪೊರ್ಬುಗಳು.

"ಅದು ಬೆತ್ಲೆಹೇಮ್ ಮಾರಾಯ್ರೆ."

"ಬೆತ್ಲೆಹೇಮಿನ ಮಳೆ ನಾನು ನೋಡ್ಲಿಲ್ಲ. ಬಿಜೈಯದ್ದು ನೋಡಿದ್ದೇನೆ."

ಮೂವತ್ತೈದು ವರ್ಷದ ಸಂಸಾರದಲ್ಲಿ ಅವರು ಗೆದ್ದ ವಾದ ಇದೊಂದೇ. ಅದರ ಗುರುತಾಗಿ ಬಾಲಯೇಸು ಈಗ ಮಂಗಳೂರು ಹಂಚಿನ ಕೆಳಗೆ ಮಲಗುತ್ತಾನೆ. ಕಡ್ಡಿಯನ್ನು ಅಡಕತ್ತರಿಯಲ್ಲಿ ಬೆರಳುಗುರಿನಷ್ಟು ಚೂರು ಮಾಡಿ, ದುಂಡು ತುದಿ ಕೆಳಗೆ ಬರುವಂತೆ, ಒಂದರ ಮೇಲೆ ಮೂರನೇ ಒಂದು ಪಾಲು ಏರಿಸಿ ಅಂಟಿಸಿದ್ದು. ಹಾಗೆ ಏರಿಸದಿದ್ದರೆ ಸೋರುತ್ತದಂತೆ. ಜಗಲಿಯೊಳಗೆ, ಮೇಜಿನ ಮೇಲೆ, ಡಿಸೆಂಬರಿನಲ್ಲಿ.

ಇದೇ ಊರಿನ ಸಂತ ಅಲೋಶಿಯಸ್ ಚಾಪೆಲಿನ ಗೋಡೆ ಸೂರಿಗೆಲ್ಲ ಆಂಟೋನಿಯೊ ಮೊಸ್ಕೇನಿ ಎಂಬ ಚಿತ್ರಕಾರ 1899ರಿಂದ 1901ರೊಳಗೆ ಚಿತ್ರ ಬರೆದು ಮುಗಿಸಿದ. "ಆ ಪುಣ್ಯಾತ್ಮನಿಗೆ ಕ್ಲಿಪ್ಪು ಬೇಕಾಗಿರಲಿಲ್ಲ" ಎನ್ನುತ್ತಾರೆ ಪೊರ್ಬುಗಳು, ಸೋಫಾದ ಮೇಲಿನ ಹಿಮದ ಹಳುಕುಗಳನ್ನು ಸರಿಸಿ ಕೂರಲು ಜಾಗ ಹುಡುಕುತ್ತಾ.

ಈ ವರ್ಷ ಡಿಸೆಂಬರ್ 22ಕ್ಕೆ ಹಟ್ಟಿ ನಿಂತಿತು, ಮಾಡು ಕೂತಿತು, ಗುಡ್ಡ ಎದ್ದಿತು. ಉಳಿದದ್ದು ಒಂದೇ, ಬಾಗಿಲು. ಒಂದು ಸೆಂಟಿಮೀಟರಿನ ಕಡ್ಡಿ ಸಾಲಾಗಿ ಜೋಡಿಸಿದರೆ ಬೇಲಿಯಂತೆ ಕಾಣುತ್ತದೆ. ಹಟ್ಟಿಯ ಬಾಗಿಲೆಂದರೆ ಅಗಲದ ಹಲಗೆ, ಎರಡೋ ಮೂರೋ, ಅಷ್ಟೇ ಇರಬೇಕು. ವಾರ್ಡಿನ ಗೋದಲಿ ನೋಡಲು ಗುರಿಕಾರರು, ಯುವಕ ಸಂಘದ ಇಬ್ಬರು ಮರುದಿನ ಸಂಜೆ ಫೈಲು ಹಿಡಿದು ಬರುತ್ತಾರೆ. ಟೀಚರ್ ಊಟ ಬಿಟ್ಟರು. ಹೊಸ ಕಡ್ಡಿಯ ಕಟ್ಟನ್ನೂ ಕಪಾಟಿನಿಂದ ತೆಗೆದು ನೋಡಿದರು. ಅದೂ ಅಷ್ಟೇ ಅಗಲ.

ಅದೇ ರಾತ್ರಿ ದುಬೈಯ ಮೊಮ್ಮಗನಿಗೆ ಗಂಟಲು ಕಟ್ಟಿತು. ಬಂದಿಳಿದ ಒಂದು ವಾರದಲ್ಲಿ ಅಜ್ಜಿಯ ಹಟ್ಟಿಗೆಂದು ಅವನು ತಿಂದ ಐಸ್‌ಕ್ಯಾಂಡಿಯ ಲೆಕ್ಕವನ್ನು ಸೊಸೆ ಕೇಳಲಿಲ್ಲ, ಅತ್ತೆ ಹೇಳಲಿಲ್ಲ. ಬೆಳಿಗ್ಗೆ ಟೀಚರೇ ಡಾಕ್ಟರಲ್ಲಿಗೆ ಕರೆದುಕೊಂಡು ಹೋದರು. ಡಾಕ್ಟರರೂ ಹಳೇ ವಿದ್ಯಾರ್ಥಿ, ಏಳರ ಮಗ್ಗಿಯಲ್ಲಿ ಸ್ವಲ್ಪ ಹಿಂದೆ.

"ಆ ಅನ್ನು."

"ಆ…"

ಡಾಕ್ಟರು ಡಬ್ಬದಿಂದ ಒಂದನ್ನು ತೆಗೆದು ನಾಲಿಗೆಯನ್ನು ಒತ್ತಿ ಹಿಡಿದರು. ಮರದ್ದು. ಆರು ಇಂಚು ಉದ್ದ, ಮುಕ್ಕಾಲು ಇಂಚು ಅಗಲ, ಎರಡೂ ತುದಿ ದುಂಡು, ನುಣ್ಣಗೆ. ಟೀಚರ್ ಕನ್ನಡಕ ಸರಿಮಾಡಿಕೊಂಡರು. ಗಂಟಲು ಕೆಂಪಾಗಿದೆ, ಐದು ದಿನ ಔಷಧ, ಕ್ಯಾಂಡಿ ಪೂರ್ತಿ ಬಂದ್ ಎಂದು ಡಾಕ್ಟರು ಹೇಳುತ್ತಿದ್ದುದು ಅವರಿಗೆ ಅರ್ಧ ಕೇಳಿತು, ಅರ್ಧ ಕೇಳಲಿಲ್ಲ. ಡಾಕ್ಟರ ಕೈ ಹಳದಿ ಚೀಲದ ಬುಟ್ಟಿಯ ಕಡೆ ಹೋಯಿತು.

"ಡಾಕ್ಟ್ರೆ, ಅದನ್ನು ಬಿಸಾಡ್ತೀರಾ?"

"ಬಿಸಾಡಲೇಬೇಕು ಟೀಚರ್. ಬಾಯಿಗೆ ಹಾಕಿದ್ದು, ಯಾರಿಗೂ ಕೊಡುವ ಹಾಗಿಲ್ಲ."

"ಹಾಗಾ." ಟೀಚರ್ ಮೇಜಿನ ಮೇಲಿದ್ದ ಡಬ್ಬವನ್ನು ನೋಡಿದರು. ಅದರಲ್ಲಿ ಇನ್ನೂ ತೊಂಬತ್ತರ ಮೇಲೆ ಇದ್ದವು. ಬ್ಯಾಗಿನ ಜಿಪ್ಪು ಮೆಲ್ಲನೆ ಎಳೆದು, ಟಿಫಿನ್ ಡಬ್ಬಿ ಹೊರತೆಗೆದು, ತಮ್ಮ ಕುರ್ಚಿಯನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡರು. "ನನಗೂ ಎರಡು ದಿನದಿಂದ ಗಂಟಲು ಒಂಥರಾ ಉಂಟು. ನೋಡುವುದಾದ್ರೆ ಹೊಸದರಲ್ಲಿ ನೋಡಿ. ಮೊದಲು ಇಲ್ಲಿ ಕೊಡಿ, ಅಳತೆ ತೆಗೀತೇನೆ."